ಸೆಲ್ಲೋಟೇಪ್ ಅಂಟಿಸಿದ ಕ್ಯಾಸೆಟ್

"ಹೆಸರು ಓದಬ್ಯಾಡ್ರಿ ಸಾಬ್ರೆ, ಬೆನ್ನು ಸವರ್ರಿ!" ಎಂದರು ವೀರಮ್ಮ.

ಹಿರಿಯೂರಿನ ಹಳೇ ಬಸ್‌ಸ್ಟ್ಯಾಂಡಿನ ಹಿಂದಿರುವ ಗುಲ್ಶನ್ ವಿಡಿಯೋ ಲೈಬ್ರರಿಯಲ್ಲಿ ಬೆಳಗಿನಿಂದ ಒಬ್ಬರಾದ ಮೇಲೆ ಒಬ್ಬರು ಸೀನುತ್ತಿದ್ದರು. ಹದಿನೈದು ವರ್ಷ ಬಾಗಿಲು ಹಾಕಿದ್ದ ಅಂಗಡಿ. ಗೋಡೆಯುದ್ದಕ್ಕೂ ಹಲಗೆ, ಹಲಗೆ ತುಂಬ ಕ್ಯಾಸೆಟ್ಟು, ಅದರ ಮೇಲೆ ಬೆರಳು ದಪ್ಪ ಧೂಳು. ಮಾಲೀಕರಾದ ಜಬೀವುಲ್ಲಾ ಅವರಿಗೆ ಈ ಸರಕನ್ನು ಮಾರಲೂ ಮನಸ್ಸಿಲ್ಲ, ಎಸೆಯಲೂ ಮನಸ್ಸಿಲ್ಲ. ಇದೇ ಜಾಗದಲ್ಲಿ ಕೇಕಿನ ಅಂಗಡಿ ಹಾಕುತ್ತೇನೆಂದು ಮಗಳು ಕೈನಾತ್ ಹಟ ಹಿಡಿದ ಮೇಲೆ ಒಪ್ಪಿಕೊಂಡಿದ್ದರು. ಸಂಜೆ ನಾಲ್ಕಕ್ಕೆ ಗುಜರಿ ಜಂಪಣ್ಣನ ಲಗೇಜ್ ಆಟೋ ಬರುತ್ತದೆ, ಆರುನೂರ ನಲವತ್ತು ಕ್ಯಾಸೆಟ್ಟೂ ಅದರಲ್ಲಿ ಹೋಗುತ್ತವೆ.

ಅಷ್ಟರೊಳಗೆ ಒಂದೇ ಒಂದು ಕ್ಯಾಸೆಟ್ ಸಿಗಬೇಕಿತ್ತು. ತೇಜಸ್ವಿನಿಯ ಅಮ್ಮ ರೇಣುಕಾ ಹಾಡಿದ ಸೋಬಾನೆ ಪದ ಅದರಲ್ಲಿತ್ತು.

ತೇಜಸ್ವಿನಿ ಹೊಸದುರ್ಗದ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವ ಟೀಚರು. ವಯಸ್ಸು ಇಪ್ಪತ್ತೆಂಟು, ಭಾನುವಾರ ಮದುವೆ. ಅವಳು ಒಂದು ವರ್ಷದ ಕೂಸಾಗಿದ್ದಾಗಲೇ ಅಮ್ಮ ದೂರದ ಊರಿನಲ್ಲಿ ಜ್ವರ ಬಂದು ತೀರಿಕೊಂಡಳು ಎಂದು ಅಪ್ಪ ರಾಜಶೇಖರಪ್ಪ ಹೇಳಿದ್ದರು. ಮನೆಯಲ್ಲಿ ಅಮ್ಮನ ಒಂದು ಸಣ್ಣ ಫೋಟೋ ಇದೆ, ಅಷ್ಟೇ. ಜವನಗೊಂಡನಹಳ್ಳಿಯ ಒಂದು ಮದುವೆಯಲ್ಲಿ ನಿಮ್ಮಮ್ಮ ಹಾಡಿದ್ದಳು, ಗುಲ್ಶನ್‌ನವರು ವಿಡಿಯೋ ಹಿಡಿದಿದ್ದರು ಎಂದು ಮೊನ್ನೆ ಯಾರೋ ಹಳಬರು ಅಂದದ್ದೇ ತಡ, ಹುಡುಗಿ ಊಟ ನಿದ್ದೆ ಬಿಟ್ಟಳು. ತನ್ನ ಅರಿಶಿನದ ಶಾಸ್ತ್ರಕ್ಕೆ ಅಮ್ಮನ ದನಿಯೇ ಬೇಕು ಎಂದು ನೇರವಾಗಿ ಹೊಳಲ್ಕೆರೆಗೆ ಹೋಗಿ ವೀರಮ್ಮನವರ ಬಾಗಿಲು ತಟ್ಟಿದ್ದಳು.

ವೀರಮ್ಮ ಮೂವತ್ತಾರು ವರ್ಷ ಅಂಚೆ ಕಚೇರಿಯಲ್ಲಿ ದುಡಿದವರು. ನಿವೃತ್ತಿಯಾದ ಮೇಲೆ ಮೂರು ತಾಲ್ಲೂಕಿನ ಜನ ಕಳಕೊಂಡದ್ದನ್ನು ಹುಡುಕಿಕೊಡುವುದೇ ಅವರ ಕೆಲಸ. ವಿಳಾಸವಿಲ್ಲದ ಕಾಗದವನ್ನೇ ಮನೆ ಮುಟ್ಟಿಸಿದವಳು ನಾನು, ಒಂದು ಕ್ಯಾಸೆಟ್ ಯಾವ ಲೆಕ್ಕ ಎಂದು ಜಂಬದಿಂದ ಹೊರಟಿದ್ದರು. ನಿನ್ನೆ ಆ ಮದುವೆಯ ಹೆಸರು ಬರೆದ ಡಬ್ಬಿಯೇನೋ ಸಿಕ್ಕಿತು, ತೆಗೆದರೆ ಒಳಗೆ ಗಾಳಿ. ಜಂಬ ಅಲ್ಲಿಗೆ ಅರ್ಧ ಇಳಿದಿತ್ತು.

ಇಂದು ಬೆಳಿಗ್ಗೆ ಜಬೀವುಲ್ಲಾ ತಪ್ಪೊಪ್ಪಿಕೊಂಡರು.

"ತೊಂಬತ್ತೆಂಟನೇ ಇಸವಿ ಮೇ ತಿಂಗಳು, ವೀರಮ್ಮೋರೆ. ಒಂದೇ ದಿನ ಮೂರು ಮದ್ವೆ ಒಪ್ಕಂಡಿದ್ದೆ. ಖಾಲಿ ಕ್ಯಾಸೆಟ್ ಚಿತ್ರದುರ್ಗದಾಗೂ ಸಿಗ್ಲಿಲ್ಲ. ಏನ್ ಮಾಡ್ಲಿ? ಯಾರೂ ಮುಟ್ಟದಿರೋ ಒಂದು ಪಿಚ್ಚರ್ ಕ್ಯಾಸೆಟ್ ತಗಂಡು ಅದ್ರ ಮೇಲೇ ಮದ್ವೆ ಹೊಡೆಸಿಬಿಟ್ಟೆ."

"ಪಿಚ್ಚರ್ ಕ್ಯಾಸೆಟ್ ಮೇಲೆ ಬೇರೆದು ಹೊಡೆಯಾಕೆ ಬರಲ್ವಲ್ಲ?"

"ಬರ್ದಂಗೆ ಬೆನ್ನಾಗೆ ಒಂದು ಪ್ಲಾಸ್ಟಿಕ್ ಚೂರು ಮುರಿದಿರ್ತಾರೆ. ಆ ತೂತಿಗೆ ಸೆಲ್ಲೋಟೇಪ್ ಹಚ್ಚಿದ್ರೆ ಆತು, ಮಿಶಿನ್ ಮೋಸ ಹೋಗ್ತೈತೆ. ಮದ್ವೆಯೋರಿಗೆ ಕಾಪಿ ಕೊಟ್ಟೆ, ಅವ್ರದು ಬೂಷ್ಟು ಹಿಡೀತು. ನನ್ ಒರಿಜಿನಲ್ಲು ವಾಪಸ್ ಪಿಚ್ಚರ್ ಡಬ್ಬಿಗೇ ಹೋತು. ಯಾವ್ ಪಿಚ್ಚರ್ ಅಂತ ಖುದಾನೇ ಹೇಳ್ಬೇಕು."

ವೀರಮ್ಮ ಸಿಟ್ಟಾಗಬೇಕಿತ್ತು, ಆದರೆ ಅವರಿಗೆ ನಗು ತಡೆಯಲಾಗಲಿಲ್ಲ. ಎಲ್ಲಿ ಹುಡುಕಬೇಕೆಂದು ಗೊತ್ತಿಲ್ಲದಿದ್ದರೂ ಹೇಗೆ ಹುಡುಕಬೇಕೆಂದು ಗೊತ್ತಾಗಿತ್ತಲ್ಲ! ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಂಚೆ ವಿಂಗಡಿಸುವವರ ಹಾಗೆ ನಿಂತೇ ಕೆಲಸಕ್ಕಿಳಿದರು. ಡಬ್ಬಿಯಿಂದ ಕ್ಯಾಸೆಟ್ ಎಳೆ, ಬೆನ್ನಿನ ಎಡಮೂಲೆಯನ್ನು ಹೆಬ್ಬೆರಳಲ್ಲಿ ಸವರು. ತೂತು ಸಿಕ್ಕಿದರೆ ಗುಜರಿಯದು, ವಾಪಸ್ ಅದೇ ಜಾಗಕ್ಕೆ; ನುಣುಪು ಸಿಕ್ಕಿದರೆ ಮೇಜಿಗೆ.

ಅವರಿಬ್ಬರು, ತೇಜಸ್ವಿನಿ ಅಲ್ಲದೆ ಕೆಲಸಕ್ಕೆ ನಾಲ್ಕನೆಯವನೊಬ್ಬನಿದ್ದ. ಆ ಕಾಲದಲ್ಲಿ ಜಬೀವುಲ್ಲಾ ಅವರ ಕೈಕೆಳಗೆ ಕ್ಯಾಮೆರಾ ಹಿಡಿಯುತ್ತಿದ್ದ ಮೋಹನ್‌ಕುಮಾರ್. ಈಗ ಚಿತ್ರದುರ್ಗದಲ್ಲಿ ಅವನದೇ ಸ್ಟುಡಿಯೋ ಇದೆ, ಹೊಟ್ಟೆಯೂ ಅದಕ್ಕೆ ತಕ್ಕ ಹಾಗಿದೆ. "ನಮ್ ಗುರುಗಳ ಅಂಗಡಿ ಖಾಲಿ ಆಗೋವಾಗ ನಾನಿಲ್ದಿದ್ರೆ ಹೆಂಗೆ?" ಎಂದು ಕರೆಯದೆಯೇ ಹತ್ತು ಗಂಟೆಗೆ ಬಂದಿದ್ದ. ಮುಖಕ್ಕೆ ಕರ್ಚೀಫು ಕಟ್ಟಿಕೊಂಡು ಎಲ್ಲರಿಗಿಂತ ಜೋರಾಗಿ ದುಡಿಯುತ್ತಿದ್ದ.

ಹನ್ನೆರಡರ ಹೊತ್ತಿಗೆ ಮೂರು ನುಣುಪು ಬೆನ್ನುಗಳು ಸಿಕ್ಕವು. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೇ ಟೀವಿ ಮತ್ತು ಕ್ಯಾಸೆಟ್ ಓಡಿಸುವ ವಿಸಿಪಿಯನ್ನು ಹೊರತೆಗೆಯಲು ತೇಜಸ್ವಿನಿ ಹೋದಳು. ಹೊದಿಕೆ ಎತ್ತಿದವಳೇ, "ದೊಡ್ಡಮ್ಮ, ಇದ್ರ ಮ್ಯಾಲೆ ಒಂಚೂರೂ ಧೂಳಿಲ್ಲ!" ಎಂದಳು.

ನಿಜವೇ. ಹೊದಿಕೆಯಿಂದ ಸೋಪಿನ ವಾಸನೆ ಬರುತ್ತಿತ್ತು. ಮಿಶಿನ್ನಿನ ಗುಂಡಿಗಳು ಫಳಫಳ ಹೊಳೆಯುತ್ತಿದ್ದವು.

"ನಮ್ ಬೀಬಿ ಒರೆಸಿರ್ಬೇಕು," ಎಂದು ಜಬೀವುಲ್ಲಾ ನಕ್ಕರು. "ಖಾತುನ್‌ಗೆ ಈ ಮಿಶಿನ್ ಅಂದ್ರೆ ಪ್ರಾಣ. ಆ ಬೋರ್ಡ್ ನೋಡ್ರಿ."

ಬಾಗಿಲ ಮೇಲಿನ ತಗಡಿನಲ್ಲಿ ಬಣ್ಣ ಹಾರಿದ ಅಕ್ಷರ ಕಾಣುತ್ತಿತ್ತು: ಬೆಳಿಗ್ಗೆ ೧೦ರಿಂದ ೧೨ ಹೆಂಗಸರಿಗೆ ಮಾತ್ರ.

"ಆ ಎರಡು ಗಂಟೆ ಗಲ್ಲಾದಾಗೆ ಅವ್ಳೇ ಕುಂದ್ರೋಳು. ನಾನು ಒಳಗೆ ಕಾಲಿಡಂಗಿರ್ಲಿಲ್ಲ. ಹೆಂಗಸ್ರು ಪಿಚ್ಚರ್ ತಗಳಾಕೆ ಬರೋರೋ, ಕಷ್ಟಸುಖ ಹೇಳ್ಕಳಾಕೆ ಬರೋರೋ, ನಂಗಂತೂ ತಿಳೀಲಿಲ್ಲ."

ವೀರಮ್ಮ "ಹೂಂ" ಎಂದರು. ಧೂಳಿಲ್ಲದ ಮಿಶಿನ್ನಿನ ಸಂಗತಿಯನ್ನು ಮನಸ್ಸಿನಲ್ಲಿ ಒಂದು ಕಡೆ ಎತ್ತಿಟ್ಟುಕೊಂಡರು.

ಮೊದಲನೇ ಕ್ಯಾಸೆಟ್ಟಿನಲ್ಲಿ ಆದಿವಾಲದ ಯಾರದೋ ಮನೆಯ ಗೃಹಪ್ರವೇಶ. ಮನೆ ಎರಡು ನಿಮಿಷ ಕಂಡಿತು, ಆಮೇಲೆ ಹೊಸ ಬೋರಿನಿಂದ ನೀರು ಬೀಳುವುದೇ ಇಪ್ಪತ್ತು ನಿಮಿಷ. ಯಜಮಾನರು ನೀರಿನ ಪಕ್ಕ ಪೇಟ ಸುತ್ತಿಕೊಂಡು ಅಲುಗಾಡದೆ ನಿಂತಿದ್ದರು.

"ಇದ್ಯಾವನಲೇ ಹೊಡ್ದಿದ್ದು?" ಎಂದರು ಜಬೀವುಲ್ಲಾ.

"ನಾನೇ, ಸಾ. ಯಜಮಾನ್ರು ಕ್ಯಾಮೆರಾ ಅಲ್ಲಿಂದ ತಿರುಗ್ಸಾಕೆ ಬಿಡ್ಲಿಲ್ಲ," ಎಂದ ಮೋಹನ್‌ಕುಮಾರ್. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎರಡನೆಯದರಲ್ಲಿ ಶಾಲಾ ವಾರ್ಷಿಕೋತ್ಸವದ ಕೋಲಾಟ. ಒಂದು ಹುಡುಗಿ ಪಕ್ಕದವಳ ತಲೆಗೇ ಕೋಲು ಹೊಡೆದು ಇಬ್ಬರೂ ಜಗಳಕ್ಕೆ ನಿಂತಿದ್ದರು. ಮೂರನೆಯದು ಬಿಳೀ ಬೂಷ್ಟು ಹಿಡಿದು ಮಿಶಿನ್ನಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಬಿಡಿಸುವ ಹೊತ್ತಿಗೆ ಒಂದೂವರೆ.

ಜಬೀವುಲ್ಲಾ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿದರು. ಪೇಪರ್ ಹಾಸಿಕೊಂಡು ಎಲ್ಲರೂ ನೆಲದಲ್ಲೇ ಕೂತರು.

"ಈ ಸಲ ಹಿರಿಯರ ಹಬ್ಬಕ್ಕೆ ಅಮ್ಮಂಗೆ ಯಾವ ಸೀರೆ ಇಟ್ರಿ?" ಎಂದು ವೀರಮ್ಮ ತೇಜಸ್ವಿನಿಯನ್ನು ಮಾತಿಗೆಳೆದರು.

"ಇಡಲ್ಲ ದೊಡ್ಡಮ್ಮ. ಅಜ್ಜಿಗೆ, ಮುತ್ತಜ್ಜಿಗೆ ಸೀರೆ ಇಟ್ಟು ಎಡೆ ಹಾಕ್ತಾರೆ. ಅಮ್ಮಂಗೆ ಮಾತ್ರ ಅಪ್ಪ ಯಾವತ್ತೂ ಎಡೆ ಹಾಕಿಲ್ಲ. ಕೇಳಿದ್ರೆ ಎದ್ದು ಆಚೆಗೆ ಹೋಗ್ತಾರೆ."

ವೀರಮ್ಮನವರ ಕೈಯಲ್ಲಿದ್ದ ಮೆಣಸಿನಕಾಯಿ ಬಾಯಿಗೆ ಹೋಗಲಿಲ್ಲ. ಎದುರಿಗೆ ಕೂತಿದ್ದ ಮೋಹನ್‌ಕುಮಾರ್ ತಲೆ ತಗ್ಗಿಸಿ ಮಂಡಕ್ಕಿಯಲ್ಲಿ ಕಡಲೆಬೀಜ ಹುಡುಕತೊಡಗಿದ. ಅವನ ಪೊಟ್ಟಣದಲ್ಲಿ ಬೀಜ ಬೇಕಾದಷ್ಟಿತ್ತು.

ಮೂರು ಗಂಟೆಗೆ ಕೊನೆಯ ಹಲಗೆಯೂ ಮುಗಿಯಿತು. ನಾಲ್ಕನೇ ನುಣುಪು ಬೆನ್ನು ಸಿಗಲಿಲ್ಲ.

ತೇಜಸ್ವಿನಿ ಗೋಡೆಗೊರಗಿ ಕೂತಳು. ಬೆಳಗಿನಿಂದ ನಗುತ್ತಲೇ ಇದ್ದ ಹುಡುಗಿಯ ಮುಖ ಸಣ್ಣದಾಗಿದ್ದನ್ನು ವೀರಮ್ಮ ನೋಡಿದರು. ಇವಳನ್ನು ಬರಿಗೈಯಲ್ಲಿ ಹಸೆಮಣೆಗೆ ಕಳಿಸಿದರೆ ಮೂವತ್ತಾರು ವರ್ಷದ ಸರ್ವೀಸಿಗೆ ಅರ್ಥವಿಲ್ಲ ಎನ್ನಿಸಿತು.

"ಸಾಬ್ರೆ, ಪ್ರತಿ ಡಬ್ಬಿಗೂ ನಂಬರ್ ಹಾಕಿದೀರಲ್ಲ. ಕ್ರಮವಾಗಿ ಎಣಿಸಾಣ ಬರ್ರಿ."

ಎಣಿಸಿದರು. ನೂರ ಹನ್ನೊಂದು ಆದ ಮೇಲೆ ನೂರ ಹದಿಮೂರು ಇತ್ತು. ಆ ಜಾಗದಲ್ಲಿ ಹಲಗೆಯ ಧೂಳು ಒಂದು ಡಬ್ಬಿಯಗಲಕ್ಕೆ ಅಳಿಸಿಹೋಗಿತ್ತು.

"ನೂರ ಹನ್ನೆರಡಾ? ಅದು ಟಾಕೀಸ್‌ನಾಗೆ ಮೂರೇ ದಿನ ಓಡಿದ ಹೊಡೆದಾಟದ ಪಿಚ್ಚರ್ರು!" ಜಬೀವುಲ್ಲಾ ಹಣೆ ಚಚ್ಚಿಕೊಂಡರು. "ಅದನ್ನ ಕದಿಯೋ ಕಳ್ಳ ಈ ಜಗತ್ತಿನಾಗೆ ಹುಟ್ಟಿಲ್ಲ ವೀರಮ್ಮೋರೆ."

"ಹುಟ್ಟಿ ಅರ್ಧ ಆಯಸ್ಸು ಕಳೆದಾನೆ," ಎಂದರು ವೀರಮ್ಮ.

ಬಾಗಿಲ ಬಳಿ ಮೋಹನ್‌ಕುಮಾರ್ ಕೈ ತೊಳೆದು ಕರ್ಚೀಫಿನಲ್ಲಿ ಒರೆಸಿಕೊಳ್ಳುತ್ತಿದ್ದ. "ಸರಿ ಸಾ, ನಾನಿನ್ನು ಬರ್ತೀನಿ. ಸಂಜೆ ದುರ್ಗದಾಗೆ ಒಂದು ಆರತಕ್ಷತೆ ಐತೆ."

"ಹೋಗೀಯಂತೆ ಇರಪ್ಪ. ನಿನ್ ಬ್ಯಾಗ್ ನಾನೇ ಎತ್ತಿಕೊಡ್ತೀನಿ."

"ಅಯ್ಯೋ, ನೀವ್ಯಾಕೆ ಅಮ್ಮ..."

ಅಷ್ಟರಲ್ಲಿ ಅವನ ಕ್ಯಾಮೆರಾ ಬ್ಯಾಗು ವೀರಮ್ಮನವರ ಕೈಯಲ್ಲಿತ್ತು. ಅವರು ಅದನ್ನು ತೆಗೆಯಲಿಲ್ಲ, ಕಿವಿಯ ಹತ್ತಿರ ಹಿಡಿದು ಒಮ್ಮೆ ಅಲ್ಲಾಡಿಸಿದರು. ಒಳಗಿನಿಂದ ಕಟಕಟ ಎಂದಿತು. ಬೆಳಗಿನಿಂದ ಆರುನೂರು ಸಲ ಕೇಳಿದ ಸದ್ದದು. ಕ್ಯಾಸೆಟ್ಟಿನೊಳಗಿನ ಎರಡು ಗಾಲಿಗಳ ಸದ್ದು.

"ಈಗಿನ ಕ್ಯಾಮೆರಾ ಹಿಂಗೆ ಕಟಗುಡ್ತವಾ ಮೋಹನ್‌ಕುಮಾರ್?"

ಅವನು ಬ್ಯಾಗಿಗೆ ಕೈ ಚಾಚಿದ.

"ಲೇ!" ಎಂದರು ಜಬೀವುಲ್ಲಾ. ಆ ಒಂದೇ ಅಕ್ಷರದಲ್ಲಿ ಗುರುವಿನ ಸಿಟ್ಟೂ ಬೇಸರವೂ ಇತ್ತು.

"ಸಾ, ನಿಮ್ ಪಾದದಾಣೆ, ಕದಿಯಾಕೆ ಬಂದಿಲ್ಲ."

"ಮತ್ತೆ ಕರ್ಚೀಫ್ ಕಟ್ಕಂಡು ದೇವರಪೂಜೆ ಮಾಡಾಕೆ ಬಂದಿದ್ಯಾ?" ವೀರಮ್ಮ ಬಿಡಲಿಲ್ಲ. "ನೂರ ಹನ್ನೆರಡು ಅಂತ ನಂಬರ್ ಯಾರು ಹೇಳಿದ್ರು? ಸಾಬ್ರಿಗೇ ನೆನಪಿಲ್ಲ."

"ಹೊಡೆದೋನು ನಾನೇ ಅಲ್ವಾ ಅಮ್ಮ. ಆ ಪಿಚ್ಚರ್ ಡಬ್ಬಿ ಮ್ಯಾಲೆ ಹೀರೋ ಮೀಸೆ ವಾರೆಯಾಗಿತ್ತು. ಮರೆಯಾಕೆ ಆಗುತ್ತಾ?"

"ಮತ್ತೆ ಬೆಳಿಗ್ಗೆ ಬಾಯಿ ಯಾಕೆ ಬಿಡಲಿಲ್ಲ?"

ಮೋಹನ್‌ಕುಮಾರ್ ತೇಜಸ್ವಿನಿಯ ಕಡೆ ನೋಡಿದ, ನೆಲ ನೋಡಿದ, ಕೊನೆಗೆ ಹೇಳಿಬಿಟ್ಟ.

"ನಿಮ್ಮ ಅಪ್ಪಾರು ಫೋನ್ ಮಾಡಿದ್ರು ಕಣಮ್ಮ. ಆ ಕ್ಯಾಸೆಟ್ ಹೆಂಗಾರ ಮಾಡಿ ಎತ್ತಿಡು, ಮದುವೆ ಮುಗೀಲಿ, ಆಮೇಲೆ ನಾನೇ ನನ್ ಮಗಳ ಕೈಗೆ ಕೊಡ್ತೀನಿ ಅಂದ್ರು. ಯಾಕೆ ಅಂತ ಕೇಳ್ದೆ. ಆ ಕಡೆಯಿಂದ ಅಳೋ ಸದ್ದು ಬಂತು. ಗಂಡಸು ಅಳೋದು ಕೇಳಿ ಇಲ್ಲ ಅನ್ನಾಕೆ ನನ್ ಕೈಲಿ ಆಗ್ಲಿಲ್ಲ."

"ಅಪ್ಪ ಅತ್ರಾ?" ತೇಜಸ್ವಿನಿಯ ದನಿ ಸಣ್ಣಗಾಯಿತು. "ಅಮ್ಮನ್ನ ಯಾರೂ ವಿಡಿಯೋ ಹಿಡಿದೇ ಇಲ್ಲ ಅಂತ ನಂಗೆ ಮೊನ್ನೇನೂ ಹೇಳಿದ್ರಲ್ಲ."

ಮೋಹನ್‌ಕುಮಾರ್ ತಾನೇ ಬ್ಯಾಗಿನ ಜಿಪ್ಪು ಎಳೆದು, ವಾರೆಮೀಸೆಯ ಹೀರೋ ಇದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಹುಡುಗಿಗೆ ಕೊಟ್ಟ. "ತಪ್ಪಾತಮ್ಮ. ನೀನು ಹೊಟ್ಟೆಗೆ ಹಾಕ್ಕಬೇಕು."

ವೀರಮ್ಮ ಕ್ಯಾಸೆಟ್ಟನ್ನು ಬೆಳಕಿಗೆ ಹಿಡಿದರು. ಬೆನ್ನಿನ ತೂತಿಗೆ ಹಳದಿಗಟ್ಟಿದ ಸೆಲ್ಲೋಟೇಪು ಅಂಟಿತ್ತು. ಉಳಿದವುಗಳ ಟೇಪೆಲ್ಲ ಮಂಕಾಗಿದ್ದರೆ, ಇದರ ಟೇಪು ಮಾತ್ರ ಕಪ್ಪಗೆ ಮಿರಮಿರ ಮಿಂಚುತ್ತಿತ್ತು. ಆಗಾಗ ಓಡಿಸುತ್ತಿದ್ದ ಟೇಪಿಗಲ್ಲದೆ ಆ ಮಿಂಚು ಬರುವುದಿಲ್ಲ. ಈ ಸಂಗತಿಯೂ ಅವರ ಮನಸ್ಸಿನಲ್ಲಿ ಧೂಳಿಲ್ಲದ ಮಿಶಿನ್ನಿನ ಪಕ್ಕಕ್ಕೇ ಹೋಗಿ ಕೂತಿತು.

"ಹಾಕ್ರಿ ಸಾಬ್ರೆ."

ಪರದೆಯ ಮೇಲೆ ಗೆರೆಗಳು ಕುಣಿದವು. ಆಮೇಲೆ ಜವನಗೊಂಡನಹಳ್ಳಿಯ ಚಪ್ಪರ, ತೆಂಗಿನ ಗರಿ, ಬಣ್ಣದ ಕಾಗದ. ಅರಿಶಿನ ಹಚ್ಚಿಕೊಂಡು ಕೂತ ಮದುವಣಗಿತ್ತಿಯ ಸುತ್ತ ಏಳೆಂಟು ಹೆಂಗಸರು. "ಹಾಡೇ, ನಾಚ್ಕೆ ಯಾಕೆ," ಎಂದು ಯಾರೋ ಒಬ್ಬಳನ್ನು ಮುಂದಕ್ಕೆ ದಬ್ಬಿದರು. ಹಸಿರು ಸೀರೆ, ತೊಡೆಯ ಮೇಲೆ ದುಂಡು ಕೂಸು. ಅವಳು ಕ್ಯಾಮೆರಾ ನೋಡಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಹಾಡಿದಳು.

"ಹಸೆಗೆ ಬಾರವ್ವ ನನ ಕೂಸೆ, ಹೊನ್ನಿನ ಬಣ್ಣ ಹಚ್ಚೇವು ಸೋಬಾನೆ..."

ತುಂಬುದನಿ, ಸ್ವಲ್ಪ ಗೊಗ್ಗರು. ಮೇಲಿನ ಸ್ವರಕ್ಕೆ ಹೋಗುವಾಗ ಹುಬ್ಬು ಏರುತ್ತಿತ್ತು. ತೇಜಸ್ವಿನಿ ಟೀವಿಯ ಮುಂದೆ ಮಂಡಿಯೂರಿ ಕೂತು ತನ್ನ ಹುಬ್ಬನ್ನೇ ಮುಟ್ಟಿನೋಡಿಕೊಂಡಳು.

ಎರಡನೇ ಸಾಲಿನ ನಡುವೆ ಕೂಸು ತಾಯಿಯ ಕೊರಳಿನ ಸರ ಹಿಡಿದು ಎಳೆಯಿತು. ಹಾಡು ನಿಂತಿತು. ರೇಣುಕಾ ನಗು ತಡೆಯಲಾರದೆ ಕೂಸಿನ ಕೆನ್ನೆಗೆ ಮೂಗು ಒತ್ತಿ, "ತೇಜೂ, ಬಿಡೇ ನನ್ ಸರ! ಹಾಡ್ಬೇಕೋ ಬ್ಯಾಡ್ವೋ ನಾನು?" ಎಂದಳು.

"ನನ್ನ ಕರೆದ್ಲು!" ತೇಜಸ್ವಿನಿ ಕಿರುಚಿಯೇಬಿಟ್ಟಳು. "ದೊಡ್ಡಮ್ಮ, ಕೇಳಿದ್ರಾ? ನನ್ನ ಹೆಸರು ಹಿಡ್ದು ಕರೆದ್ಲು!"

ಅವಳು ಅಳುತ್ತಿದ್ದಳು, ನಗುತ್ತಿದ್ದಳು. ಜಬೀವುಲ್ಲಾ ಟೋಪಿ ತೆಗೆದು ಕಣ್ಣೊರೆಸಿಕೊಂಡು, ಎಲ್ಲ ಧೂಳಿನದೇ ತಪ್ಪು ಎಂದು ಬೈದರು. ಮೋಹನ್‌ಕುಮಾರ್ ಆರತಕ್ಷತೆ ಮರೆತು, "ಫೋಕಸ್ ಹೆಂಗೈತೆ ನೋಡ್ರಿ ಸಾ," ಎಂದು ತನ್ನನ್ನು ತಾನೇ ಹೊಗಳಿಕೊಂಡ. "ಇನ್ನೊಂದ್ ಸಲ ಹಾಕ್ರಿ," ಎಂದಳು ತೇಜಸ್ವಿನಿ. ಮೂರು ಸಲ ಹಾಕಿದರು. ಹೊರಗೆ ಜಂಪಣ್ಣನ ಆಟೋ ಹಾರನ್ ಹೊಡೆಯಿತು, ಯಾರೂ ಓಗೊಡಲಿಲ್ಲ. ಅಂಗಡಿ ಬಾಗಿಲು ಹಾಕಿದ ಮೇಲೆ ಅಲ್ಲಿ ಅಷ್ಟು ಸಂತೋಷ ಆದದ್ದು ಅಂದೇ ಮೊದಲು.

ವೀರಮ್ಮ ಮಾತ್ರ ಖಾಲಿ ಡಬ್ಬಿ ಹಿಡಿದು ಬಾಗಿಲ ಬೆಳಕಿಗೆ ಬಂದಿದ್ದರು. ಡಬ್ಬಿಯೊಳಗೆ ಒಂದು ರಟ್ಟಿನ ಚೀಟಿ. ಕ್ಯಾಸೆಟ್ ಒಯ್ದವರ ನಂಬರು ಮತ್ತು ತಾರೀಖು ಬರೆಯುವ ಚೀಟಿ, ಎಲ್ಲ ಡಬ್ಬಿಯಲ್ಲೂ ಇರುವಂಥದ್ದೇ. ಮೇಲೆ ಐದಾರು ಬೇರೆ ಬೇರೆ ನಂಬರು. ಅದರ ಕೆಳಗೆ ಒಂದೇ ನಂಬರು ಸಾಲಾಗಿ ಇಳಿದು ಹಿಂಬದಿಗೂ ಹರಿದಿತ್ತು. ಏಳುನೂರ ಹದಿಮೂರು. ಏಳುನೂರ ಹದಿಮೂರು. ಏಳುನೂರ ಹದಿಮೂರು.

"ಸಾಬ್ರೆ, ಈ ನಂಬರ್ ಯಾರ್ದು?"

"ಮೆಂಬರ್ ಪುಸ್ತಕ ಗೆದ್ದಲು ತಿಂದೈತಲ್ಲ. ಯಾಕೆ?"

"ಮೂರು ದಿನ ಓಡಿದ ಪಿಚ್ಚರ್‌ನ ಒಬ್ರೇ ವರ್ಷಾ ವರ್ಷಾ ತಗಂಡು ಹೋಗಿದಾರೆ. ತೊಂಬತ್ತೊಂಬತ್ತರಿಂದ ಶುರು. ಅದೂ ಒಂದೇ ತಾರೀಖು, ಜೂನ್ ಒಂಬತ್ತು."

ತೇಜಸ್ವಿನಿ ಟೀವಿಯಿಂದ ತಲೆಯೆತ್ತಿದಳು. "ಜೂನ್ ಒಂಬತ್ತಾ? ಅದು ನಾನು ಹುಟ್ಟಿದ ದಿನ."

ವೀರಮ್ಮ ಸಾಲುಗಳನ್ನು ಬೆರಳಿಟ್ಟು ಎಣಿಸಿದರು. ಇಪ್ಪತ್ತೇಳು. ತೊಂಬತ್ತೊಂಬತ್ತರಿಂದ ಇಪ್ಪತ್ತೇಳು ಎಂದರೆ ಈ ವರ್ಷದ ಜೂನಿಗೇ ಬಂದು ನಿಲ್ಲುತ್ತದೆ. ಅಂಗಡಿ ಮುಚ್ಚಿ ಹದಿನೈದು ವರ್ಷ. ಕೊನೆಯ ಸಾಲಿನ ನೀಲಿ ಶಾಯಿ ಇನ್ನೂ ಹೊಸದಾಗಿತ್ತು.

"ಅಂಗಡಿ ಕೀ ಯಾರ ಹತ್ರ ಅವೆ ಸಾಬ್ರೆ?"

"ಒಂದು ನನ್ ಹತ್ರ. ಇನ್ನೊಂದು ಮನೇಲಿ, ಖಾತುನ್ ಹತ್ರ."

ಮನಸ್ಸಿನಲ್ಲಿ ಎತ್ತಿಟ್ಟುಕೊಂಡದ್ದೆಲ್ಲ ಒಟ್ಟಿಗೆ ಎದ್ದು ನಿಂತಿತು. ಸೋಪಿನ ವಾಸನೆಯ ಹೊದಿಕೆ, ಮಿಂಚುವ ಟೇಪು, ರಾಜಶೇಖರಪ್ಪನವರು ಒಂದು ವರ್ಷವೂ ಹಾಕದ ಎಡೆ. ಮಗಳಿಗೆ ಸುಳ್ಳು ಹೇಳಿದ ಮನುಷ್ಯ ಹಿರಿಯರ ಮುಂದೆ ಮಾತ್ರ ಸುಳ್ಳು ಹೇಳಿರಲಿಲ್ಲ. ವೀರಮ್ಮ ಹುಡುಗಿಯ ಮುಖ ನೋಡಿದರು, ಹೇಗೆ ಹೇಳುವುದೆಂದು ತಿಳಿಯಲಿಲ್ಲ.

ಅಷ್ಟರಲ್ಲಿ ಹೊರಗೆ ಜಂಪಣ್ಣನನ್ನು ಗದರಿಸುತ್ತ, ಕೈಯಲ್ಲಿ ಟೀ ಫ್ಲಾಸ್ಕು ಹಿಡಿದು ಖಾತುನ್ ಬೀ ಮೆಟ್ಟಿಲೇರಿ ಬಂದರು. ಬಾಗಿಲಲ್ಲೇ ಅವರ ಕಣ್ಣು ಟೀವಿಗೆ ಬಿತ್ತು. ಪರದೆಯ ಮೇಲೆ ಹಸಿರು ಸೀರೆಯವಳು ಕೂಸಿನ ಕೆನ್ನೆಗೆ ಮೂಗು ಒತ್ತುತ್ತಿದ್ದಳು.

"ಅರೇ, ಇದನ್ಯಾಕೆ ಈಗ ಹಾಕಿದ್ರಿ?" ಎಂದರು ಖಾತುನ್ ಬೀ, ಪರದೆಯ ಕಡೆ ಫ್ಲಾಸ್ಕು ತೋರಿಸಿ. "ಆಯಮ್ಮ ನೋಡಾಕೆ ಬರೋದು ಜೂನ್‌ನಾಗೆ ಅಲ್ವಾ?"